ಅಕ್ಕನ ಸಹಿ

ಮನೆ ಅಕ್ಕನಿಗೆ ಸೇರಬೇಕೆಂದು ಅಪ್ಪ ವಿಲ್ ಬರೆದಿದ್ದರು. ಪೆಟ್ಟಿಗೆಯಲ್ಲಿ ಅದು ಸಿಕ್ಕ ದಿನವೇ ಬಚ್ಚಲೊಲೆಗೆ ಹಾಕಿದೆ.

“ಅಪ್ಪ ಏನೂ ಬರೆದಿಟ್ಟಿಲ್ಲ ಅಕ್ಕ. ಹೆಣ್ಣುಮಕ್ಕಳು ಸಹಿ ಹಾಕಿಕೊಡೋದು ನಮ್ಮಲ್ಲಿ ಇದ್ದದ್ದೇ ಅಲ್ವಾ?” ಅಂದೆ.

“ಪೆಟ್ಟಿಗೆ ಸರಿಯಾಗಿ ನೋಡಿದ್ಯಾ?”

“ಎರಡೆರಡು ಸಲ ನೋಡಿದೆ.”

“ಸರಿ, ಸಹಿಗೆ ಯಾವತ್ತು ಬರಲಿ?” ಅಂದಳು ಅಕ್ಕ.

ನೋಂದಣಿ ಕಚೇರಿಯಲ್ಲಿ ಅಧಿಕಾರಿ ಅವಳನ್ನು ಕೇಳಿದರು: “ಪಾಲು ಬಿಟ್ಟುಕೊಡ್ತಿರೋದು ಮನಸ್ಸಿನಿಂದಲೇ ತಾನೇ ಅಮ್ಮ?”

“ಹೌದು ಸಾರ್. ನನ್ನ ತಮ್ಮನಿಗೇ ಅಲ್ವಾ?”

ಅವಳು ಸಹಿ ಮಾಡಿ ಹೆಬ್ಬೆಟ್ಟು ಒತ್ತುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಹೊರಗೆ ಬಂದು, ವಾಡಿಕೆಯಂತೆ ಸೀರೆಯ ಜೊತೆ ಅರಿಶಿನ ಕುಂಕುಮ ಕೊಟ್ಟೆ. ಅಕ್ಕ ಸೀರೆಯನ್ನು ಕಣ್ಣಿಗೊತ್ತಿಕೊಂಡು ಚೀಲದೊಳಗಿಟ್ಟಳು. ಅದೇ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟಳು. ಅಪ್ಪನ ಸಹಿಯಿದ್ದ ವಿಲ್, ಇನ್ನೊಂದು ಪ್ರತಿ.

“ಇದನ್ನೂ ಸುಟ್ಟುಬಿಡೋ” ಅಂದಳು.