ಸೊಖ್ನಾಳ ಬೋಗುಣಿ

ವಿಯೆಟ್ನಾಮಿ ಹೊಟೇಲಿನ ಮೇಜಿನ ಮೇಲೆ ಸೊಖ್ನಾ ತನ್ನ ಮನೆಮಂದಿಯೆಲ್ಲ ಒಟ್ಟಿಗೆ ಕೈಹಾಕಿ ಉಣ್ಣುವ ದೊಡ್ಡ ಬೋಗುಣಿಯನ್ನು ತಂದು ಢಣ್ಣೆಂದು ಇಟ್ಟಳು. ನೂಡಲ್ಸಿನ ಬಟ್ಟಲುಗಳನ್ನು ಹಿಡಿದುಕೊಂಡು ಬಂದ ಮಾಣಿ ಅಲ್ಲೇ ನಿಂತುಬಿಟ್ಟ. ಎದುರು ಕೂತಿದ್ದ ಮುಗಿಶಾನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮುಗಿಶಾ ಕಂಪಾಲಾದವನು. ಮೀನಿನ ಶೈತ್ಯಾಗಾರದ ಯಂತ್ರ ರಿಪೇರಿ ಕಲಿಯಲು ಡಕಾರಿಗೆ ಬಂದು ಸೊಖ್ನಾಳ ಮನೆಯಲ್ಲಿ ಇಳಿದುಕೊಂಡಿದ್ದ. ಹುಟ್ಟಿದಾಗಿನಿಂದ ಬೇಯಿಸಿದ ಬಾಳೆಕಾಯಿ ತಿಂದೇ ಬೆಳೆದವನಿಗೆ ಇಲ್ಲಿ ಸಂಜೆಗೊಂದು ದೇಶದ ಊಟ ಮಾಡಿ ನೋಡಬೇಕೆಂಬ ಆಸೆ. ಮೊರಾಕ್ಕೊದವರದಾಯಿತು, ಕೇಪ್ ವರ್ಡೆಯವರದಾಯಿತು, ಇನ್ನು ವಿಯೆಟ್ನಾಮಿನವರದೂ ಲೆಬನಾನಿನವನದೂ ಬಾಕಿ. ಅಷ್ಟರಲ್ಲಿ ಪಕ್ಕದ ಮನೆಯ ರಮಾತಾ ನಲ್ಲಿಯ ಹತ್ತಿರ ನಿಂತು, ಪಾಪ, ಸೊಖ್ನಾಳ ಅತಿಥಿ ಹಸಿವು ತಾಳಲಾರದೆ ಹೊಟೇಲು ಹುಡುಕಿಕೊಂಡು ಹೋಗುತ್ತಾನೆ ಎಂದುಬಿಟ್ಟಳು. ಡಕಾರಿನಲ್ಲಿ ಕಳ್ಳಿ ಅನ್ನಿಸಿಕೊಂಡವಳಾದರೂ ಹೇಗೋ ಬದುಕಬಹುದು, ಅತಿಥಿಯನ್ನು ಉಪವಾಸ ಕೆಡವಿದವಳು ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಸೊಖ್ನಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ನಿಮ್ಮ ಅಡುಗೆಗೆ ಹೆಸರಿಡುವಂತಿಲ್ಲ, ನನಗೆ ಬರೀ ರುಚಿ ನೋಡುವ ಚಪಲ ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಅತಿಥಿ ಎಲ್ಲಿ ಉಣ್ಣುತ್ತಾನೋ ಅಲ್ಲೇ ತನ್ನ ಮನೆ ಎಂದು ಬೋಗುಣಿ ಹೊತ್ತು ಹಿಂದೆಯೇ ಹೊರಟಿದ್ದಳು.

“ಎಲ್ಲಾ ಇದಕ್ಕೇ ಸುರಿ ಮಗಾ,” ಎಂದಳು ಮಾಣಿಗೆ.

“ಇಲ್ಲಿ ಒಬ್ಬೊಬ್ರಿಗೆ ಒಂದೊಂದು ಬಟ್ಲು, ಅಮ್ಮಾ.”

“ಯಾಕೆ, ನಾವೇನು ಜಗಳ ಆಡ್ಕೊಂಡಿದೀವಾ?”

ಮಾಣಿಯೂ ಅದೇ ಊರಿನ ಹುಡುಗ, ಬಟ್ಟಲುಗಳನ್ನು ಒಂದೊಂದಾಗಿ ಬಗ್ಗಿಸಿದ. ಸಾರು, ನೂಡಲ್ಸು, ಹುರಿದ ಮೀನು, ಸುರುಳಿ ತಿಂಡಿ, ಅನ್ನ ಎಲ್ಲವೂ ಬೋಗುಣಿಗೆ ಬಿದ್ದವು. ಮುಗಿಶಾ ಹಿಡಿದಿದ್ದ ನೂಡಲ್ಸು ತಿನ್ನುವ ಕಡ್ಡಿಗಳನ್ನು ಸೊಖ್ನಾ ಕಿತ್ತು ಬದಿಗಿಟ್ಟಳು. ಮೀನನ್ನು ಮುರಿದು, ಮುಳ್ಳು ತೆಗೆದು, ಒಳ್ಳೊಳ್ಳೆಯ ತುಂಡುಗಳನ್ನು ಬೆರಳಲ್ಲಿ ಅವನ ಕಡೆಗೆ ನೂಕುತ್ತ ಹೋದಳು. ಸುತ್ತ ಕೂತವರನ್ನು ಕರೆಯದೆ ಉಂಡರೆ ಗಂಟಲಲ್ಲಿ ಇಳಿದೀತೇ? ಅವರನ್ನೂ ಕರೆದಳು. ಕರೆದಾಗ ಒಲ್ಲೆ ಎನ್ನುವುದು ಅವರಿಗೂ ಗೊತ್ತಿರಲಿಲ್ಲ. ಮುದುಕನೊಬ್ಬ ಕುರ್ಚಿ ಎಳೆದುಕೊಂಡು ಬಂದ, ಅವನ ಹಿಂದೆ ಗಂಡ ಹೆಂಡತಿ ಬಂದರು, ಕೊನೆಗೆ ಮಾಣಿಯೂ ಕೈ ತೊಳೆದುಕೊಂಡು ಬಂದ. ಏನಿದು ಗಲಾಟೆ ಎಂದು ಬೈಯಲು ಒಳಗಿನಿಂದ ಬಂದ ಹೊಟೇಲಿನೊಡತಿ ಬೋಗುಣಿಯೊಳಗೆ ಇಣುಕಿದಳು. ಅನ್ನ ಸಾಲದು ಎಂದು ಗೊಣಗಿಕೊಂಡು ಇನ್ನಷ್ಟು ತರಲು ಹೋದಳು.

ಮುಗಿಶಾ ಒಂದು ತುತ್ತು ಬಾಯಿಗಿಟ್ಟ. ಅವನಿಗೆ ಅಳು ಬಂತು. ವಿಯೆಟ್ನಾಮು ಸಿಗಲೇ ಇಲ್ಲ, ಸೊಖ್ನಾಳ ಮನೆಯ ಮಧ್ಯಾಹ್ನದ ಊಟವೇ ಬೇರೆ ವೇಷ ಹಾಕಿಕೊಂಡು ಬಂದಂತಿತ್ತು. ಎಲ್ಲರೂ ಎದ್ದ ಮೇಲೆ ಸೊಖ್ನಾ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಉಳಿದ ಸಾರನ್ನು ಗಟಗಟನೆ ಕುಡಿದಳು. ತಳಕ್ಕೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ನೆಕ್ಕಿದಳು.

ಬೆಳಿಗ್ಗೆ ನಲ್ಲಿಯ ಹತ್ತಿರದಿಂದ ರಮಾತಾಳ ದನಿ ಗೋಡೆ ದಾಟಿ ಬಂತು. “ಪಾಪ, ಮೊದ್ಲು ಅತಿಥಿ ಒಬ್ನೇ ಹಸ್ಕೊಂಡಿದ್ದ. ಈಗ ಮನೆಯವಳೇ ಪಾತ್ರೆ ಹಿಡ್ಕೊಂಡು ಹೊಟೇಲ್ ಹೊಟೇಲ್ ಅಲೀತಿದಾಳೆ ನೋಡ್ರೇ.”

ಅಂಗಳದಲ್ಲಿ ಬೋಗುಣಿ ತಿಕ್ಕುತ್ತಿದ್ದ ಸೊಖ್ನಾಳ ಕೈ ನಿಂತಿತು. ಮುಗಿಶಾ ಓಡಿಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ. ನನ್ನ ಹಾಳು ಚಪಲದಿಂದ ನಿಮ್ಮ ಮರ್ಯಾದೆ ಹೋಯಿತು, ಇವತ್ತಿನಿಂದ ಮೂರು ಹೊತ್ತೂ ಮನೆಯಲ್ಲೇ ಉಣ್ಣುತ್ತೇನೆ ಎಂದು ಕೈ ಹಿಡಿದುಕೊಂಡ.

ಸೊಖ್ನಾ ಕೈ ಬಿಡಿಸಿಕೊಂಡು ಮತ್ತೆ ತಿಕ್ಕತೊಡಗಿದಳು.

“ಹೋದ ಮಾನ ಮನೇಲಿ ಕೂತ್ರೂ ಬರಲ್ಲ ಬಿಡು,” ಎಂದಳು. “ಆ ಲೆಬನಾನಿನವನು ಎಷ್ಟೊತ್ತಿಗೆ ಬಾಗ್ಲು ತೆಗೀತಾನೆ?”