ಸುಬೇದಾರರ ಧೈರ್ಯದ ಪಾಠ

"ಕಣ್ಣು ನನ್ನ ಮೀಸೆ ಮೇಲಿರಲಿ, ಸೂಜಿ ಕಡೆ ಬೇಡ!" ಎಂದು ನಿವೃತ್ತ ಸುಬೇದಾರ್ ಪೊನ್ನಣ್ಣ ಗುಡುಗಿದ ರಭಸಕ್ಕೆ ದೆಹಲಿಯ ಆರ್.ಕೆ.ಪುರಂನ ಪಾರಿವಾಳಗಳೆಲ್ಲ ಹಾರಿಹೋಗಿ ಚಾಣಕ್ಯಪುರಿಯ ರಾಯಭಾರ ಕಚೇರಿಗಳಲ್ಲಿ ಆಶ್ರಯ ಕೇಳಿದವು.

ಆಜ್ಞೆ ಹೊರಟದ್ದು ಆರು ವರ್ಷದ ಹರ್ಷಿಣಿಗೆ. ಮೊಣಕಾಲಿಗೆ ಸಂಧಿವಾತ ಎಂದು ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದಿದ್ದರು. ನರ್ಸು ಚುಚ್ಚಲು ಕಲಿಸಿದ್ದರೂ ತಾಯಿ ಶಾರದಾಳ ಕೈ ಏಳಲಿಲ್ಲ. ಹುಡುಗಿ ಎರಡು ಶನಿವಾರ ಮಂಚದಡಿ ಅವಿತಿದ್ದಳು. ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಪೊನ್ನಣ್ಣನವರ ಮೊಮ್ಮಗಳು ಮಾಚಮ್ಮನಿಗೂ ಅದೇ ಕಾಯಿಲೆ. ಹದಿಮೂರರ ಅವಳು ತೊಡೆಗೆ ತಾನೇ ಚುಚ್ಚಿಕೊಳ್ಳುವುದನ್ನು ಕಂಡರೆ ಮಗಳು ಒಪ್ಪಿಯಾಳೆಂದು ಶಾರದಾ ಔಷಧಿಯ ಸಮೇತ ಫರೀದಾಬಾದಿನಿಂದ ಮೆಟ್ರೋ ಹತ್ತಿ ಬಂದಿದ್ದಳು.

"ಇದೂ ಒಂದು ಸೂಜಿಯೇನಮ್ಮ?" ಬಟ್ಟೆ ಒಣಹಾಕಬಹುದಾದಷ್ಟು ಉದ್ದದ ಮೀಸೆಯನ್ನು ಪೊನ್ನಣ್ಣ ತಿರುವಿದರು. "ಸಿಯಾಚಿನ್‌ನಲ್ಲಿ ನಂಗೆ ಕುದುರೆ ಸೂಜಿ ಚುಚ್ಚಿದ್ರು. ನಾನು ಚಹಾ ಕುಡೀತಾ ಕೂತಿದ್ದೆ."

"ಹೋದ ವಾರ ಅದು ಹೇಸರಗತ್ತೆ ಸೂಜಿ ಆಗಿತ್ತಲ್ಲ ತಾತ," ಎಂದಳು ಮಾಚಮ್ಮ, ತೊಡೆಗೆ ಸ್ಪಿರಿಟ್ ಒರೆಸುತ್ತ.

"ಪ್ರಮೋಷನ್ ಆಗಿದೆ!"

ಹರ್ಷಿಣಿ ನಗಲಿಲ್ಲ. "ದೀದಿ, ದರ್ದ್ ಹೋತಾ ಹೈ? ನೋವಾಗುತ್ತಾ?"

"ಆಗುತ್ತೆ. ಇರುವೆ ಕಚ್ಚಿದಷ್ಟು. ಬೆಳಿಗ್ಗೆ ಎದ್ದಾಗ ಮೊಣಕಾಲು ಮರದ ಥರ ಆಗುತ್ತಲ್ಲ, ಅದರ ಮುಂದೆ ಏನೂ ಅಲ್ಲ."

ಪ್ರತಿ ಶನಿವಾರ ಈ ಹೊತ್ತಿಗೆ ಸರಿಯಾಗಿ ಪೊನ್ನಣ್ಣನವರಿಗೆ ಹಾಲು ತರುವ ನೆನಪಾಗುತ್ತಿತ್ತು. ಎರಡು ವರ್ಷದಲ್ಲಿ ತಂದ ಹಾಲಿಗೆ ಯಮುನೆಯೇ ಬೆಳ್ಳಗಾಗಬೇಕಿತ್ತು. ಇಂದು ಅತಿಥಿಗಳ ಮುಂದೆ ಜಾಗ ಬಿಡುವಂತಿಲ್ಲ. ಮಾಚಮ್ಮ ತೊಡೆಯ ಚರ್ಮ ಚಿವುಟಿ ಹಿಡಿದಳು. ಎಲ್ಲರೂ ಮೀಸೆ ನೋಡಿದರು. ತಮ್ಮ ಮೀಸೆ ತಮಗೆ ಕಾಣದ ಕಾರಣ ಸುಬೇದಾರರು ಮಾತ್ರ ಸೂಜಿಯನ್ನು ನೋಡಿಬಿಟ್ಟರು.

ಬಿದ್ದದ್ದು ದಿವಾನ್ ಮಂಚದ ಮೇಲೆ, ಪುಣ್ಯ. ಆದರೂ ಆ ಸದ್ದಿಗೆ ಕುತುಬ್ ಮಿನಾರ್ ಒಂದಿಂಚು ವಾಲಿತೆಂದು ಕೆಳಮನೆಯವರು ಇಂದಿಗೂ ಆಣೆ ಮಾಡುತ್ತಾರೆ.

"ನಂದು ಮುಗೀತು," ಮಾಚಮ್ಮ ಸೂಜಿಯನ್ನು ಡಬ್ಬಿಗೆ ಹಾಕಿದಳು. "ಆಂಟಿ, ತಾತನ ಮುಖಕ್ಕೆ ಸ್ವಲ್ಪ ನೀರು."

ಆಗ ನಕ್ಕಳು ಹರ್ಷಿಣಿ. ಹೊಟ್ಟೆ ಹಿಡಿದು, ಬಿಕ್ಕಳಿಕೆ ಬರುವಷ್ಟು. ಮಗಳ ನಗು ಕೇಳಿ ತಿಂಗಳಾಗಿದ್ದ ಶಾರದಾ ನೀರಿನ ಲೋಟ ಹಿಡಿದು ನಿಂತೇಬಿಟ್ಟಳು. ಹುಡುಗಿ ಕುಂಟುತ್ತ ಬಂದು ದಿವಾನದ ಅಂಚಿನಲ್ಲಿ ಕುಳಿತು ಫ್ರಾಕನ್ನು ತೊಡೆಯಿಂದ ಸರಿಸಿದಳು.

"ಮಮ್ಮಿ, ನಂಗೂ ಚುಚ್ಚು. ಲೇಕಿನ್ ಪ್ರತಿ ಸಲ ಈ ತಾತ ಬೀಳ್ಬೇಕು."

ಪೊನ್ನಣ್ಣ ಒಂದು ಕಣ್ಣು ತೆರೆದರು. "ಎಷ್ಟು ವಾರ ಅಂದಿದ್ದಾರಮ್ಮ ಡಾಕ್ಟರು?"

"ಎರಡು ವರ್ಷ ಆಗಬಹುದಂತೆ ಅಂಕಲ್."

ಸುಬೇದಾರರು ಮೆಲ್ಲನೆ ಎದ್ದು ನಿಂತರು, ಮೀಸೆ ಸರಿಮಾಡಿಕೊಂಡರು; ಆಮೇಲೆ ತಾವು ಬೀಳಬೇಕಾದ ಜಾಗವನ್ನು ಅಳೆದು ನೋಡಿ ಅಲ್ಲಿಗೆ ಇನ್ನೊಂದು ದಿಂಬು ಇಟ್ಟುಕೊಂಡರು.