ಮೀನಿಗೆ ದೇವಿ ಬಂದದ್ದು

ಇದು ಖರೇ ನಡೆದದ್ದು, ನನ್ನ ಎರಡೂ ಕಣ್ಣಾಣೆ. ಒಂದು ಮಾತು ಸುಳ್ಳಿದ್ದರೆ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಬೀಳದಿರಲಿ.

ಹಳೇ ಹುಬ್ಬಳ್ಳಿಯಲ್ಲಿ ಉಡಚವ್ವನ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದನ್ನು ಮೊದಲು ಕಂಡವನು ನಾನೇ, ಹುಲಗಪ್ಪ, ದೇವಿ ಹಾಕುವ ಗುರುಶಿದ್ದಪ್ಪ ಸಾಹೇಬರ ಪೆಟ್ಟಿಗೆ ಹೊರುವವನು. ಪುಸ್ತಕದವರು ಸಿಡುಬು ಅನ್ನುವುದಕ್ಕೆ ನಾವು ದೇವಿ ಅನ್ನುತ್ತೇವೆ. ಅದು ಬರದಂತೆ ಸೂಜಿ ಚುಚ್ಚುವುದಕ್ಕೆ ದೇವಿ ಹಾಕುವುದು ಅನ್ನುತ್ತೇವೆ. ಆ ಓಣಿಯಲ್ಲಿ ಸೂಜಿ ತಪ್ಪಿಸಿಕೊಂಡು ಉಳಿದವಳು ಉಡಚವ್ವನ ಮೊಮ್ಮಗಳು ಯಂಕಿ ಒಬ್ಬಳೇ. ಎರಡು ಬಾಗಿಲು ಆಚೆ ಒಂದು ಕೂಸಿಗೆ ಸೂಜಿ ಮುಟ್ಟುವ ಮೊದಲೇ ಬೇನೆ ಎದ್ದಿತ್ತು. ಬೇವು ಕಟ್ಟುವುದು ದೇವಿ ಬಂದ ಮನೆಗೇ. ಉಡಚವ್ವನನ್ನು ಬಾಗಿಲಿಗೆ ಕರೆದು ಕೇಳಿದೆ.

"ಯಾರಿಗೆ ಬೇ? ಯಂಕಿಗೇನು?"

"ಯಂಕಿ ಇಲ್ಲಿಲ್ಲ. ಸುಳ್ಳದಾಗ ಅದಾಳ, ಸೋದರತ್ತಿ ಮನ್ಯಾಗ."

"ಸುಳ್ಳ ಅನ್ನೋ ಊರಾಗೋ, ಬರೇ ಸುಳ್ಳಿನ್ಯಾಗೋ?"

"ಬಾಯಿ ಸಣ್ಣದು ಮಾಡು. ಒಳಗ ಬ್ಯಾನಿ ಬಿದ್ದು ಮಲಗ್ಯಾವ."

"ಯಾವು?"

"ಮೀನ."

ಒಳಗೆ ಬಚ್ಚಲ ಒಲೆಯ ಮಗ್ಗುಲಿಗೆ, ಉಪ್ಪಿನಕಾಯಿ ಹಾಕುವ ದೊಡ್ಡ ಗಾಜಿನ ಬರಣಿಯಲ್ಲಿ ಮೂರು ಕೆಂಪು ಮೀನು. ಮೈತುಂಬ ರವೆ ಚೆಲ್ಲಿದಂತೆ ಬಿಳಿ ಬಿಳಿ ಗುಳ್ಳೆ. ಸ್ಟೇಶನ್ ಕಡೆ ಹಜರತಅಲಿ ಎಂಬವನ ಗಿಳಿ, ಮೀನಿನ ಅಂಗಡಿ ಇತ್ತು. ಉಡಚವ್ವ ಅಲ್ಲಿ ಕಸ ಗುಡಿಸಿ ನೀರು ತುಂಬುತ್ತಿದ್ದಳು. ಮುಂಬೈಯಿಂದ ರೈಲಿನಲ್ಲಿ ಡಬ್ಬಿ ತುಂಬಿ ಬಂದ ಮೀನುಗಳಲ್ಲಿ ಗುಳ್ಳೆ ಎದ್ದವನ್ನು ಗಟಾರಕ್ಕೆ ಸುರಿದು ಬಾ ಎಂದು ಅವನು ಹೇಳಿದ್ದ. ಇವಳು ತಂಬಿಗೆಯಲ್ಲಿ ಹಾಕಿಕೊಂಡು ಮನೆಗೆ ತಂದಿದ್ದಳು.

"ದೇವಿ ಬಂದವರನ್ನ ಗಟಾರಕ್ಕ ಸುರೀತಾರೇನೋ? ನನ್ನ ಮಗಳಿಗೂ ಹಿಂಗ ಬಂದಿತ್ತು. ಅಕಿನ್ನ ಉಳಿಸ್ಕೊಳ್ಳಾಕ ಆಗಲಿಲ್ಲ." ಬರಣಿಯನ್ನು ಒಲೆಯ ಕಡೆ ಇನ್ನಷ್ಟು ಸರಿಸಿದಳು. "ಇವು ಉಳದ್ರ ಯಂಕಿ ತೋಳು ನಿನ್ನ ಸಾಹೇಬರ ಮುಂದ ಹಿಡೀತೇನಿ. ಹ್ವಾದ್ರ ನೀವಿಬ್ಬರೂ ಈ ಹೊಸ್ತಿಲ ತುಳೀಬ್ಯಾಡ್ರಿ."

ನಾನು ಹಜರತಅಲಿಯ ಅಂಗಡಿಗೆ ಓಡಿದೆ. ಅವನು ನಕ್ಕ ನಗೆಗೆ ಗಿಳಿಗಳೂ ನಕ್ಕವು.

"ದೇವಿ ಅಲ್ಲೋ ಮಾರಾಯಾ, ಕಣ್ಣಿಗೆ ಕಾಣದ ಹುಳ ಅದು. ನೀರು ಬೆಚ್ಚಗಿರಬೇಕು, ದಿನಾ ಅರ್ಧ ಬದಲ ಮಾಡಬೇಕು, ಚೂರು ಹರಳುಪ್ಪು ಹಾಕಬೇಕು."

"ಇಷ್ಟು ಗೊತ್ತಿದ್ದು ಯಾಕ ಸುರಿ ಅಂದಿ?"

"ನಾ ಒಬ್ಬಾಂವ. ಮೀನ ಮುನ್ನೂರು."

ಬೆಚ್ಚಗಿಡುವುದನ್ನೂ ನೀರು ಬದಲಿಸುವುದನ್ನೂ ಉಡಚವ್ವ ಆಗಲೇ ಮಾಡುತ್ತಿದ್ದಳು. ಉಪ್ಪು ಎಂದೊಡನೆ ಸೌಟು ಎತ್ತಿದಳು. "ದೇವಿ ಇದ್ದ ಮನ್ಯಾಗ ಉಪ್ಪಿನ ಹೆಸರು ತಗೀತಿ? ಮೂರು ದಿನ ಆತು, ನಾವ ಸಪ್ಪನ ಉಣ್ಣಾಕತ್ತೇವಿ."

ಅಂದಿನಿಂದ ನಾನು ಧೋತರದ ತುದಿಗೆ ಉಪ್ಪು ಕಟ್ಟಿಕೊಂಡು ದಿನಾ ಬೆಳಗ್ಗೆ ಹೋಗುವುದು, ಅವಳು ಒಲೆ ಊದಲು ಬಗ್ಗಿದಾಗ ಬರಣಿಗೆ ಒಂದು ಚಿಟಿಕೆ ಬಿಡುವುದು. ಮಿಕ್ಕ ಹೊತ್ತು ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿತ್ತು. ಸಾಹೇಬರ ಪೆಟ್ಟಿಗೆಯನ್ನು ಎರಡು ಸಲ ಚಹಾದಂಗಡಿಯಲ್ಲಿ ಮರೆತೆ. ಮೂರನೆಯ ದಿನ ಒಂದು ಮೀನು ಮಗ್ಗುಲಾಗಿ ತಳಕ್ಕೆ ಬಿತ್ತು. ಅದೇ ದಿನ ಆಚೆ ಮನೆಯ ಕೂಸು ಹೋಯಿತು. ಅಳುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಉಡಚವ್ವ ಬರಣಿಗೆ ಬೇವಿನ ಟೊಂಗೆಯಿಂದ ಗಾಳಿ ಬೀಸುತ್ತ ಕೂತಿದ್ದಳು. ನಾನು ಎರಡು ಚಿಟಿಕೆ ಬಿಟ್ಟೆ. ಬಿದ್ದ ಮೀನು ನನ್ನ ಕಡೆ ನೋಡಿ ಕಣ್ಣು ಹೊಡೆಯಿತು. ಮೀನಿಗೆ ರೆಪ್ಪೆ ಇಲ್ಲ, ನನಗೂ ಗೊತ್ತು. ಆದರೂ ಹೊಡೆಯಿತು.

ಆರನೆಯ ದಿನ ಒಂದು ಗುಳ್ಳೆಯೂ ಇರಲಿಲ್ಲ. ಮೂರೂ ಮೀನು ಸುತ್ತಿದ ರಭಸಕ್ಕೆ ಬರಣಿ ತಾನಾಗಿ ಬಚ್ಚಲಿಂದ ಬಾಗಿಲ ತನಕ ಸರಿದಿತ್ತು. ಸಾಹೇಬರನ್ನು ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದೆ.

"ಯಂಕಿನ್ನ ಕರಿ ಬೇ."

"ಯಾಕ? ನಾ ಸಪ್ಪನ ಉಂಡು ದೇವಿಗೆ ನಡಕೊಂಡೆ, ಅಕಿ ತಾನ ಇಳದ್ಲು. ನಾಳೆ ಯಂಕಿಗೆ ಬಂದ್ರೂ ಹಿಂಗ ನಡಕೊಂಡ್ರಾತು. ಸೂಜಿ ಏನ ಮಾಡಾಕ?"

ಮೀನು ಉಳಿಸಲು ಹೋಗಿ ಹುಡುಗಿಯನ್ನು ಕಳೆಯುವ ಕೆಲಸ ಮಾಡಿದ್ದೆ. ಧೋತರದ ಗಂಟು ಬಿಚ್ಚಿ ಅವಳ ಮುಂದೆ ಹಿಡಿದೆ.

"ಉಪ್ಪು ಬೇ. ಆರು ದಿನ ನಿನ್ನ ಕಣ್ಣು ತಪ್ಪಿಸಿ ಹಾಕೇನಿ."

ಉಡಚವ್ವ ಬರಣಿಗೆ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಳು. ನನ್ನ ರಟ್ಟೆ ಹಿಡಿದಳು.

"ಹಂಗಾದ್ರ ಉಳಿಸಿದ್ದು ಉಪ್ಪು. ನಿನ್ನ ಅಂಗಿ ತೋಳು ಏರ್ಸು."

"ನಂದ್ಯಾಕ?"

"ಏರ್ಸು ಅಂದೆ."

ತೋಳು ಬೋಳು, ದೇವಿ ಹಾಕಿಸಿಕೊಂಡ ಗುಳಿ ಒಂದೂ ಇಲ್ಲ. ನಾಲ್ಕು ವರ್ಷ ಪೆಟ್ಟಿಗೆ ಹೊತ್ತಿದ್ದೆ, ಸೂಜಿ ಹೊರತೆಗೆದಾಗಲೆಲ್ಲ ಬೀಡಿ ಸೇದುವ ನೆವದಿಂದ ಹೊರಗೆ ನಿಂತಿದ್ದೆ. ಉಡಚವ್ವ ನನ್ನ ರಟ್ಟೆ ಹಿಡಿದುಕೊಂಡೇ ಕೂಗಿದಳು: "ಸಾಹೇಬರ, ಒಳಗ ಬರ್ರಿ. ಮದಲ ಇವಗ. ಆಮ್ಯಾಲ ನಮ್ಮಕಿಗೆ."

ಮೂಲೆಯ ಕೌದಿ ಅಲುಗಾಡಿತು. ಯಂಕಿ ಎದ್ದು ಬಂದು ನನ್ನ ಮೋರೆಯನ್ನೇ ನೋಡುತ್ತ ನಿಂತಳು. ಸಾಹೇಬರು ಸೂಜಿಯನ್ನು ತೋಳಿಗೆ ಒತ್ತಿ ತಿರುವಿದಾಗ ನಾನು ಚೀರಿದ್ದು ಅಮರಗೋಳದ ತನಕ ಕೇಳಿಸಿತಂತೆ. ಯಂಕಿ ಮಾತ್ರ ತಾನೇ ತೋಳು ಚಾಚಿ ಸೂಜಿ ಹಾಕಿಸಿಕೊಂಡಳು.

ನಂಬಿಕೆ ಬರಲಿಲ್ಲವೇ? ಇಗೋ, ಈ ಎರಡು ಗುಳಿ ನೋಡಿರಿ, ಬೇಕಾದರೆ ಮುಟ್ಟಿ ನೋಡಿರಿ. ನೋಡಿದ್ದಾಯಿತಲ್ಲ? ಸಾಹೇಬರು ಹೊರಗೆ ಬಿಸಿಲಲ್ಲಿ ನಿಂತಿದ್ದಾರೆ. ಈಗ ನಿಮ್ಮ ತೋಳು ಏರಿಸಿರಿ.